ಗಗನಯಾತ್ರಿಗೆ ಏನು ಕೇಳಬೇಕು? ಹತ್ತು ನಿಮಿಷದ ಮಾತಿಗೆ ಮಕ್ಕಳನ್ನು ಅಣಿಗೊಳಿಸುವ ಬಗೆ

"ಮಿಸ್, ಅಲ್ಲಿ ಬೆವರು ಎಲ್ಲಿಗೆ ಹೋಗುತ್ತೆ?"

ಹನ್ನೊಂದು ವರ್ಷದ ಹುಡುಗ ಚೀಟಿಯಲ್ಲಿ ಬರೆದುಕೊಟ್ಟ ಈ ಪ್ರಶ್ನೆಯನ್ನು ನಾನು ಪಕ್ಕಕ್ಕಿಟ್ಟೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವವರ ಜೊತೆ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೊದಲ್ಲಿ, ಮಾತಾಡುವ ಅವಕಾಶ ನಮ್ಮ ಮಕ್ಕಳಿಗೆ ಮೊದಲ ಸಲ ಸಿಕ್ಕಿತ್ತು. ಪ್ರಶ್ನೆಗಳು ಗಂಭೀರವಾಗಿರಬೇಕು ಎಂಬ ಹಟ ನನಗೆ. ಸೂಕ್ಷ್ಮ ಗುರುತ್ವ, ವಿಕಿರಣ, ಮಾನವಕುಲದ ಭವಿಷ್ಯ ಎಂದೆಲ್ಲ ನಾನೇ ತಿದ್ದಿ ಬರೆದೆ. ಮಕ್ಕಳು ಬಾಯಿಪಾಠ ಒಪ್ಪಿಸಿದರು. ಮೇಲಿನಿಂದ ಬಂದ ಉತ್ತರಗಳೂ ಪುಸ್ತಕದಲ್ಲಿ ಓದಿದ ಹಾಗೇ ಇದ್ದವು. ಪುಸ್ತಕದ ಪ್ರಶ್ನೆ ಕೇಳಿದರೆ ಪುಸ್ತಕದ ಉತ್ತರವೇ ತಾನೇ ಬರುವುದು.

ಬೆವರಿನ ವಿಷಯವನ್ನು ನಾನು ಓದಿದ್ದು ಆಮೇಲೆ. ನಿಲ್ದಾಣದಲ್ಲಿರುವವರು ಮೂಳೆ, ಸ್ನಾಯು ಸವೆಯದಂತೆ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಬೆವರು ಸುರಿಯುತ್ತದೆ ಅನ್ನುವಂತಿಲ್ಲ, ಏಕೆಂದರೆ ಅಲ್ಲಿ ಅದು ಸುರಿಯುವುದೇ ಇಲ್ಲ. ಚರ್ಮಕ್ಕೆ ಅಂಟಿಕೊಂಡು ದಪ್ಪವಾಗುತ್ತಾ ಹೋಗುತ್ತದೆ, ಟವೆಲಿನಿಂದ ಒರೆಸಬೇಕು. ಆ ಟವೆಲನ್ನು ಒಣಗಲು ಬಿಡುತ್ತಾರೆ. ತೇವ ಗಾಳಿಗೆ ಸೇರುತ್ತದೆ, ಯಂತ್ರ ಆ ಗಾಳಿಯನ್ನು ತಣ್ಣಗಾಗಿಸಿ ನೀರು ಹಿಂಡುತ್ತದೆ, ಆ ನೀರು ಶುದ್ಧವಾಗಿ ಮತ್ತೆ ಕುಡಿಯಲು ಬರುತ್ತದೆ. ಮೂತ್ರಕ್ಕೂ ಅದೇ ದಾರಿ. ಹೀಗೆ ಮರಳಿ ಪಡೆಯುವ ನೀರಿನ ಪ್ರಮಾಣ 2023ರಲ್ಲಿ ಶೇಕಡಾ 98ಕ್ಕೆ ಮುಟ್ಟಿತು. ಒಬ್ಬರ ಬೆವರು ನಾಳೆ ಇನ್ನೊಬ್ಬರ ಲೋಟದಲ್ಲಿ! ನಾನು ಬದಿಗಿಟ್ಟ ಚೀಟಿಯಲ್ಲಿ ಅಲ್ಲಿನ ಬದುಕಿನ ಇಡೀ ವ್ಯವಸ್ಥೆಯೇ ಇತ್ತು. ಆ ಹುಡುಗನನ್ನು ಕರೆದು ತಪ್ಪೊಪ್ಪಿಕೊಂಡೆ. ಎರಡನೆಯ ಅವಕಾಶ ಬಂದಾಗ ಪಟ್ಟಿಯ ಮೊದಲ ಪ್ರಶ್ನೆ ಅವನದೇ.

ಶಿಕ್ಷಕರಿಗೂ ಮನೆಯಲ್ಲಿ ಇಂಥ ಮಕ್ಕಳಿರುವವರಿಗೂ ನಾನು ಕಲಿತದ್ದನ್ನು ಹೇಳುತ್ತೇನೆ. ರೇಡಿಯೊ ಸಂಪರ್ಕವೇ ಆಗಬೇಕೆಂದಿಲ್ಲ. ಗಗನಯಾತ್ರಿಯೊಬ್ಬರು ಸಭೆಗೆ ಬಂದರೂ ವಿಡಿಯೊ ಕರೆಯಲ್ಲಿ ಸಿಕ್ಕರೂ ಇದು ನಡೆಯುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿ. "ಗುರುತ್ವವೇ ಇಲ್ಲದ ಕಡೆ ಹೇಗಿರುತ್ತೆ?" ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಶೇಕಡಾ 90ರಷ್ಟು ಇದ್ದೇ ಇದೆ. ಅವರು ತೇಲುವುದು ಬೀಳುತ್ತಿರುವುದರಿಂದ. ಗಂಟೆಗೆ ಸುಮಾರು 27,600 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತಾ ಬೀಳುತ್ತಿರುವುದರಿಂದ ನೆಲ ಅವರಿಗೆ ಸಿಗುವುದೇ ಇಲ್ಲ. ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಒಂದು ತೂತು ಮಾಡಿ, ನೀರು ತುಂಬಿಸಿ, ಮುಚ್ಚಳ ತೆಗೆದು ಎತ್ತಿ ಹಿಡಿಯಿರಿ. ತೂತಿನಿಂದ ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಕೈಬಿಡಿ. ಬೀಳುವಷ್ಟು ಹೊತ್ತು ನೀರು ಹೊರಗೆ ಬರುವುದು ನಿಂತುಬಿಡುತ್ತದೆ, ಏಕೆಂದರೆ ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುತ್ತಿರುತ್ತವೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ತೋರಿಸಿದರೆ ಇನ್ನೂ ಚೆನ್ನ. ಇಷ್ಟಾದ ಮೇಲೆ ಮಕ್ಕಳ ಪ್ರಶ್ನೆಗಳ ಧಾಟಿಯೇ ಬದಲಾಗುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಆಮೇಲೆ ಒಂದು ದಿನವನ್ನು ಮನಸ್ಸಿನಲ್ಲೇ ಬದುಕಿಸಿ. ನನಗೆ ಸಿಕ್ಕ ಅತ್ಯುತ್ತಮ ದಾರಿ ಇದು. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳುತ್ತೇನೆ. "ನೀವು ನಿಲ್ದಾಣದಲ್ಲಿದ್ದೀರಿ. ಎಚ್ಚರವಾಯಿತು. ಈಗೇನು ಮಾಡ್ತೀರಿ?" ಒಬ್ಬರು ಎದ್ದು ಕೂರುತ್ತೇನೆ ಅನ್ನುತ್ತಾರೆ. ಎಲ್ಲಿ ಕೂರುತ್ತೀರಿ? ಮಲಗುವ ಚೀಲವನ್ನು ಗೋಡೆಗೆ ಕಟ್ಟಿರುತ್ತಾರೆ, ಏಳುವುದಕ್ಕೆ ಕೆಳಗು ಎಂಬುದೇ ಇಲ್ಲ. ಇನ್ನೊಬ್ಬರು ಬೆಳಗಾಗಿದೆಯಾ ನೋಡುತ್ತೇನೆ ಅನ್ನುತ್ತಾರೆ. ಯಾವ ಬೆಳಗು? ಒಂದು ದಿನದಲ್ಲಿ 16 ಸಲ ಸೂರ್ಯೋದಯ. ಹಲ್ಲುಜ್ಜಿದ ಮೇಲೆ ಎಲ್ಲಿ ಉಗಿಯುತ್ತೀರಿ? ಅಳು ಬಂದರೆ? ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಣ್ಣಿನ ಮೇಲೇ ಉಂಡೆಯಾಗಿ ಕೂರುತ್ತದೆ.

ಹೀಗೆ ಹೋಗುತ್ತಾ ಎಲ್ಲಿ ಮಗು ತಡವರಿಸುತ್ತದೋ ಅಲ್ಲೇ ಒಂದು ಪ್ರಶ್ನೆ ಇದೆ. ಆ ಜಾಗದಲ್ಲೇ ನಿಲ್ಲಿಸಿ ಬರೆಸಿ. "ನನ್ನ ಜಡೆ ಎಲ್ಲಿರುತ್ತೆ?" ಎಂದು ಒಬ್ಬಳು ಕೇಳಿದಳು. "ಕಳೆದುಹೋದ ಪೆನ್ಸಿಲನ್ನು ಎಲ್ಲಿ ಹುಡುಕೋದು?" ಎಂದು ಇನ್ನೊಬ್ಬ. ಎರಡೂ ಚಿನ್ನದಂಥ ಪ್ರಶ್ನೆಗಳು. ನಿಲ್ದಾಣದ ಫ್ಯಾನುಗಳು ಗಾಳಿಯನ್ನು ಸದಾ ಓಡಾಡಿಸುತ್ತಿರುತ್ತವೆ, ಕೈಜಾರಿದ ಸಣ್ಣ ವಸ್ತು ನಿಧಾನವಾಗಿ ತೇಲಿಕೊಂಡು ಹೋಗಿ ಗಾಳಿ ಒಳಗೆಳೆಯುವ ಜಾಲರಿಗೆ ಅಂಟಿಕೊಂಡಿರುತ್ತದೆ. ಅಲ್ಲಿದ್ದವರು ಮೊದಲು ಹುಡುಕುವುದೇ ಆ ಜಾಲರಿಯಲ್ಲಿ. ಫ್ಯಾನು ನಿಂತರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ: ಬಿಸಿಗಾಳಿ ಮೇಲೇರುವುದಿಲ್ಲವಾದ್ದರಿಂದ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ನಿಲ್ಲುತ್ತದೆ.

ಮಕ್ಕಳ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕಬೇಡಿ ಎನ್ನಲು ನನ್ನ ಬಳಿ ಇನ್ನೊಂದು ಕಾರಣವಿದೆ. ಒದ್ದೆ ಬಟ್ಟೆಯನ್ನು ನಿಲ್ದಾಣದಲ್ಲಿ ಹಿಂಡಿದರೆ ಏನಾಗುತ್ತದೆ ಎಂದು ಕೆನಡಾದ ಇಬ್ಬರು ಶಾಲಾ ವಿದ್ಯಾರ್ಥಿಗಳು ಕೇಳಿದ್ದರು. 2013ರಲ್ಲಿ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಕ್ಯಾಮೆರಾ ಮುಂದೆ ಹಿಂಡಿಯೇ ತೋರಿಸಿದರು. ನೀರು ತೊಟ್ಟಿಕ್ಕಲಿಲ್ಲ, ಬಟ್ಟೆಯ ಸುತ್ತ ಕೊಳವೆಯ ಹಾಗೆ ನಿಂತು, ಅವರ ಕೈಗಳನ್ನೂ ಗ್ಲೌಸಿನಂತೆ ಆವರಿಸಿತು. ಆ ವಿಡಿಯೊವನ್ನು ತರಗತಿಯಲ್ಲಿ ಖಂಡಿತ ತೋರಿಸಿ.

ಈಗ ಪ್ರಶ್ನೆ ಹರಿತಗೊಳಿಸುವ ಕೆಲಸ. ಚೀಟಿ ಕೈಗೆ ಬಂದಾಗ ಮಗುವಿಗೇ ಕೇಳುತ್ತೇನೆ: "ಇದು ಓದಿದರೆ ಸಿಗುತ್ತಾ, ಅಲ್ಲಿ ಇದ್ದವರೇ ಹೇಳಬೇಕಾ?" ಓದಿದರೆ ಸಿಗುವುದಾದರೆ ಮೊದಲು ಓದಲಿ. ಉತ್ತರ ಸಿಕ್ಕಿದ ಮೇಲೆ ಅದರ ಮೇಲೆ ನಿಂತು ಮುಂದಿನ ಪ್ರಶ್ನೆ ಕೇಳಲಿ. "ಶೌಚಾಲಯಕ್ಕೆ ಹೇಗೆ ಹೋಗುತ್ತೀರಿ?" ಎಂಬುದನ್ನೇ ತೆಗೆದುಕೊಳ್ಳಿ. ಇದನ್ನು ಕೇಳಿ ದೊಡ್ಡವರು ನಗುತ್ತಾರೆ, ಮಗು ಮುದುಡಿಕೊಳ್ಳುತ್ತದೆ. ಹಾಗಾಗಬಾರದು. ಅಲ್ಲಿ ಬದುಕಲು ಹೋಗುವವರೆಲ್ಲ ನಿಜಕ್ಕೂ ಅಭ್ಯಾಸ ಮಾಡಿ ಕಲಿಯುವ ಕೆಲಸ ಅದು. ಆದರೆ ಗಾಳಿಯ ಸೆಳೆತದಿಂದ ಹೀರಿಕೊಳ್ಳುತ್ತಾರೆ, ಘನತ್ಯಾಜ್ಯವನ್ನು ಕಟ್ಟಿಟ್ಟು ಸರಕುನೌಕೆಗೆ ತುಂಬಿ ಭೂಮಿಯ ವಾತಾವರಣದಲ್ಲಿ ಸುಟ್ಟುಹೋಗಲು ಬಿಡುತ್ತಾರೆ ಎಂಬುದು ಓದಿದರೆ ತಿಳಿಯುತ್ತದೆ. ಓದಿಬಂದ ಹುಡುಗಿ ತನ್ನ ಪ್ರಶ್ನೆಯನ್ನು ಹೀಗೆ ಬದಲಿಸಿದಳು: "ಶೌಚಾಲಯ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ನೀವು ಮಾಡಿದ್ದೀರಾ?" ಪ್ಲಂಬರನ್ನು ಕರೆಸಲಾಗದ ಮನೆಯಲ್ಲಿ ವಿಜ್ಞಾನಿಯೂ ಪೈಲಟ್ಟೂ ಪಾನಾ ಹಿಡಿಯಲೇಬೇಕು ಎಂಬುದು ಆ ಒಂದು ಸಾಲಿನಲ್ಲಿ ಬಂತು.

"ಚೆನ್ನಾಗಿ ನಿದ್ದೆ ಬರುತ್ತಾ?" ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರಬಹುದು. ಕಣ್ಣು ಮುಚ್ಚಿದಾಗ ವಿಶ್ವಕಿರಣಗಳ ಕಣಗಳು ಕಣ್ಣನ್ನು ಹಾದು ಬೆಳಕಿನ ಮಿಂಚು ಕಾಣಿಸುವುದುಂಟು ಎಂದು ಅಪೊಲೊ ಯಾತ್ರಿಗಳ ಕಾಲದಿಂದಲೂ ಗೊತ್ತಿದೆ. "ನಿಮಗೂ ಆ ಮಿಂಚು ಕಂಡಿತೇ, ಹೇಗಿತ್ತು?" ಎಂದು ಕೇಳಿದರೆ ಆ ವ್ಯಕ್ತಿ ತಾನು ಕಂಡದ್ದನ್ನೇ ಹೇಳಬೇಕಾಗುತ್ತದೆ. ದೇಹದ ಬಗ್ಗೆ ಕೇಳುವಾಗ ಪಾದ ಮರೆಯಬೇಡಿ. ಅಲ್ಲಿ ಯಾರೂ ಅಂಗಾಲಿನ ಮೇಲೆ ನಿಲ್ಲುವುದಿಲ್ಲ, ಕಂಬಿಗೆ ಕಾಲಿನ ಮೇಲ್ಭಾಗ ಸಿಕ್ಕಿಸಿ ನಿಲ್ಲುತ್ತಾರೆ. ತಿಂಗಳುಗಳಾದರೆ ಅಂಗಾಲು ಮಗುವಿನದರಂತೆ ಮೆತ್ತಗಾಗಿ, ಮೇಲ್ಭಾಗ ಒರಟಾಗುತ್ತದೆ.

ಕೆಲಸದ ಬಗ್ಗೆ ಮಕ್ಕಳು ಕೇಳುವುದು ಕಡಿಮೆ. ಅಲ್ಲಿಯವರಿಗೆ ದಿನದ ವೇಳಾಪಟ್ಟಿ ಪರದೆಯ ಮೇಲಿರುತ್ತದೆ, ಅದರ ಮೇಲೆ ಈಗಿನ ಸಮಯ ತೋರಿಸುವ ಕೆಂಪು ಗೆರೆಯೊಂದು ಸರಿಯುತ್ತಲೇ ಇರುತ್ತದೆ ಎಂದು ಹೇಳಿ ನೋಡಿ. ಹೋಮ್‌ವರ್ಕ್ ಬಾಕಿ ಇರುವ ಪ್ರತಿ ಮಗುವಿಗೂ ಅದು ಅರ್ಥವಾಗುತ್ತದೆ. "ಕೆಂಪು ಗೆರೆಗಿಂತ ಹಿಂದೆ ಬಿದ್ದಾಗ ಏನು ಮಾಡುತ್ತೀರಿ?" ನನಗೆ ಬಹಳ ಇಷ್ಟವಾದ ಪ್ರಶ್ನೆ.

ಭಯದ ಪ್ರಶ್ನೆ ಬಂದೇ ಬರುತ್ತದೆ, ತಡೆಯಬೇಡಿ. ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಡಿಗರು 2003ರಲ್ಲಿ ಮರಳಿ ಬರುತ್ತಿರುವಾಗಲೇ ತೀರಿಕೊಂಡದ್ದು ಮಕ್ಕಳಿಗೆ ಗೊತ್ತು. 2013ರಲ್ಲಿ ಬಾಹ್ಯಾಕಾಶ ನಡಿಗೆಯಲ್ಲಿದ್ದ ಗಗನಯಾತ್ರಿ ಲೂಕಾ ಪಾರ್ಮಿಟಾನೊ ಅವರ ಹೆಲ್ಮೆಟ್ಟಿನೊಳಗೆ ನೀರು ಸೋರಿ ಮೂಗಿನವರೆಗೂ ಹರಡಿತ್ತು. ಅವರು ಕುರುಡುಗಟ್ಟಿದಂತೆ ತಡವಿಕೊಂಡು ಬಾಗಿಲಿಗೆ ಮರಳಿದ್ದರು. ಆದರೆ "ಭಯ ಆಗುತ್ತಾ?" ಎಂದರೆ "ತರಬೇತಿ ಇದೆ" ಎಂಬ ಉತ್ತರ ಬರುವುದು ಸಹಜ. ಬೆಂಕಿ, ಗಾಳಿ ಸೋರಿಕೆ, ವಿಷಾನಿಲ ಇವು ಮೂರು ಅಲ್ಲಿನ ದೊಡ್ಡ ತುರ್ತುಗಳು. "ಎಚ್ಚರಿಕೆಯ ಗಂಟೆ ಹೊಡೆದರೆ ನಿಮ್ಮ ಕೈ ಮೊದಲು ಯಾವುದಕ್ಕೆ ಹೋಗುತ್ತದೆ?" ಎಂದು ಕೇಳಲಿ. ಮನೆಯವರ ವಿಷಯ, ಕಾಯಿಲೆಯ ವಿಷಯ ಮಾತ್ರ ಅವರಾಗಿ ಹೇಳಿದರೆ ಸರಿ, ಕೆದಕುವುದು ಬೇಡ.

ರೇಡಿಯೊದಲ್ಲಿ ಕೇಳುವುದಾದರೆ ಇನ್ನಷ್ಟು ತಯಾರಿ ಬೇಕು. 1983ರಲ್ಲಿ ಗಗನಯಾತ್ರಿ ಓವೆನ್ ಗ್ಯಾರಿಯಟ್ ಕೊಲಂಬಿಯಾ ಷಟಲ್‌ನಿಂದ ಹ್ಯಾಮ್‌ಗಳ ಜೊತೆ ಮಾತಾಡಿದ್ದು ಮೊದಲು. ಈಗ ಶಾಲೆಗಳ ಸಂಪರ್ಕವನ್ನು ಏರಿಸ್ ಎಂಬ ಸ್ವಯಂಸೇವಕರ ಅಂತರರಾಷ್ಟ್ರೀಯ ಕೂಟ ಏರ್ಪಡಿಸುತ್ತದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಪರವಾನಗಿ ಇರುವ ಹ್ಯಾಮ್ ಒಬ್ಬರು ಜೊತೆಗಿರಬೇಕು. ಪ್ರಶ್ನೆಗಳ ಪಟ್ಟಿ ಮೊದಲೇ ಮೇಲಕ್ಕೆ ಹೋಗುತ್ತದೆ. ನಿಲ್ದಾಣ ನಮ್ಮ ಆಕಾಶವನ್ನು ದಾಟಲು ತೆಗೆದುಕೊಳ್ಳುವುದು ಸುಮಾರು ಹತ್ತು ನಿಮಿಷ. ಕರೆದು, ಅವರು ಓಗೊಟ್ಟು, ಮಾತು ಕೂಡಿಕೊಳ್ಳುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತದೆ. ಹದಿನೆಂಟು ಪ್ರಶ್ನೆ ಇದ್ದರೆ ಒಂದೊಂದಕ್ಕೂ ಉತ್ತರ ಸೇರಿ ಅರ್ಧ ನಿಮಿಷ. ಆದ್ದರಿಂದ ಪ್ರಶ್ನೆ ಒಂದೇ ಉಸಿರಿನಲ್ಲಿ ಮುಗಿಯಬೇಕು. "ನಮಸ್ಕಾರ, ನಾನು ಇಂಥ ಶಾಲೆಯ" ಎಂದೆಲ್ಲ ಬೇಡ. ಹೆಸರು, ಪ್ರಶ್ನೆ, ಕೊನೆಗೆ "ಓವರ್". ಆ "ಓವರ್" ಅಲಂಕಾರಕ್ಕಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮಾತು ಕೇಳುವುದಿಲ್ಲ, ಬಾಗಿಲು ತೆರೆದುಕೊಟ್ಟಂತೆ ಆ ಪದ.

ಮಗು ಮೈಕನ್ನು ಬಾಯಿಗೆ ಒತ್ತಿಕೊಳ್ಳದಿರಲಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡಲಿ, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಸ್ಟಾಪ್‌ವಾಚ್ ಹಿಡಿದು ಐದಾರು ಸಲ ಅಭ್ಯಾಸ ಮಾಡಿಸಿ. ಒಮ್ಮೆ ಬೇಕೆಂದೇ ಪಕ್ಕದ ಕೋಣೆಯಿಂದ ಗೊರಗೊರ ಸದ್ದಿನ ಮಧ್ಯೆ ಉತ್ತರ ಕೊಡಿ, ಉತ್ತರ ಅರ್ಧ ಕೇಳಿದರೂ ಕಂಗೆಡದೆ ಮುಂದಿನವರು ಕೇಳುವುದನ್ನು ಕಲಿಯಬೇಕು. ಸಂಪರ್ಕದ ವೇಳೆ ಕೊಡುವುದು ಯುಟಿಸಿ ಎಂಬ ಜಾಗತಿಕ ಗಡಿಯಾರದ ಲೆಕ್ಕದಲ್ಲಿ. ಅದನ್ನು ನಿಮ್ಮ ಗಡಿಯಾರಕ್ಕೆ ಬದಲಿಸಿ, ಇನ್ನೊಬ್ಬರಿಂದಲೂ ಲೆಕ್ಕ ಮಾಡಿಸಿ.

ಮಾತಾಡುವ ಅವಕಾಶ ಸಿಗದಿದ್ದರೆ ಕೇಳಿಯಾದರೂ ನೋಡಿ. ನಿಲ್ದಾಣದ ದನಿ ಇಳಿಯುವುದು 145.800 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ವಿಧಾನದಲ್ಲಿ. ಮನೆಯ ಮಾಮೂಲು ಎಫ್‌ಎಂ ರೇಡಿಯೊದಲ್ಲಿ ಈ ಆವರ್ತನ ಸಿಗುವುದಿಲ್ಲ, ಹ್ಯಾಮ್‌ಗಳ ಕೈಯಲ್ಲಿ ಹಿಡಿಯುವ ಸೆಟ್ ಸಾಕಾಗುತ್ತದೆ. ನಿಲ್ದಾಣ ಹತ್ತಿರ ಬರುವಾಗ ಮೂರು ಕಿಲೋಹರ್ಟ್ಸ್‌ನಷ್ಟು ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ತಿರುಗಿಸಿದರೆ ದನಿ ಸ್ಪಷ್ಟವಾಗುತ್ತದೆ. ರೈಲಿನ ಸೀಟಿ ಬಂದು ಹೋಗುವಾಗ ಶ್ರುತಿ ಇಳಿಯುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. ನಡುವೆ ಯಾವ ಉಪಗ್ರಹವೂ ಇಲ್ಲದೆ ಅವರ ಆಂಟೆನಾದಿಂದ ನಿಮ್ಮ ಆಂಟೆನಾಕ್ಕೆ ನೇರ ಬರುವ ದನಿ ಅದು. ತಲೆ ಮೇಲಿದ್ದಾಗ ನಿಲ್ದಾಣ ಎಷ್ಟೋ ಊರುಗಳಿಗಿಂತ ನಮಗೆ ಹತ್ತಿರ.

ಕೊನೆಯ ಒಂದಿಬ್ಬರಿಗೆ ಸರದಿ ಬರದೇ ಹೋಗುವುದುಂಟು. ಉತ್ತರದ ಮಧ್ಯದಲ್ಲೇ ದನಿ ತೆಳುವಾಗಿ ಬರೀ ಸರ್ರೆಂಬ ಸದ್ದು ಉಳಿಯುತ್ತದೆ. ಈ ಸಾಧ್ಯತೆಯನ್ನು ಮಕ್ಕಳಿಗೆ ಮೊದಲೇ ಹೇಳಿಡಿ, ಆ ದಿನ ಸಂಜೆ ಅವರನ್ನು ಹೊರಗೆ ಕರೆದುಕೊಂಡು ಹೋಗಲು ಆಗುತ್ತದಾ ನೋಡಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಇಲ್ಲವೇ ನಸುಕಿನಲ್ಲಿ, ನಮಗೆ ಕತ್ತಲಿದ್ದು ಅವರ ಮೇಲೆ ಬಿಸಿಲು ಬೀಳುವಾಗ ನಿಲ್ದಾಣ ಕಣ್ಣಿಗೆ ಕಾಣುತ್ತದೆ. ನಕ್ಷತ್ರಗಳಿಗಿಂತ ಹೊಳಪು, ವಿಮಾನದ ಹಾಗೆ ಮಿಣುಕುವುದಿಲ್ಲ, ಒಂದೇ ಸಮ ಸಾಗುತ್ತದೆ. ಹಾಗೆ ನೋಡುತ್ತಾ ನಿಂತಾಗ ಸರದಿ ತಪ್ಪಿದ ಹುಡುಗಿ ಕೇಳಿದ್ದು, "ಮತ್ತೆ ಯಾವಾಗ ಬರ್ತಾರೆ ಮಿಸ್?" ಒಂದು ಸುತ್ತಿಗೆ ಸುಮಾರು 93 ನಿಮಿಷ. ಆದರೆ ಅಷ್ಟರಲ್ಲಿ ಭೂಮಿ 23 ಡಿಗ್ರಿಯಷ್ಟು ಪೂರ್ವಕ್ಕೆ ತಿರುಗಿರುತ್ತದೆ, ಹಾಗಾಗಿ ಮುಂದಿನ ಸಲ ಅವರು ಹಾದುಹೋಗುವುದು ನಮ್ಮ ಪಶ್ಚಿಮಕ್ಕೆ. ಅವಳು ಚೀಟಿಯ ಹಿಂಬದಿಯಲ್ಲಿ ಆ ಲೆಕ್ಕ ಬರೆದುಕೊಂಡಳು.