ಅಂಗಳದ ಬೆಂಕಿ, ಸೀತಾಫಲದ ದಾರಿ

ಪುಣೆಯಲ್ಲಿ ಮಳೆ ಹಿಂದೆ ಸರಿದು ಚಳಿ ಕಾಲಿಡುವ ಮುಂಚೆ ಒಂದಷ್ಟು ಒಳ್ಳೆಯ ದಿನ ಸಿಗುತ್ತವೆ. ದಸರೆಯ ಆಸುಪಾಸಿನಿಂದ ದೀಪಾವಳಿ ದಾಟುವ ತನಕ ಅನ್ನಿ. ಮಧ್ಯಾಹ್ನ ಬಿಸಿಲು ಚುರುಕಾಗಿರುತ್ತದೆ, ಇಲ್ಲಿಯವರು ‘ಅಕ್ಟೋಬರ್ ಹೀಟ್’ ಅಂತ ಬೇಸರಪಡುತ್ತಾರೆ. ಆದರೆ ಸಂಜೆ ಆಗುತ್ತಿದ್ದಂತೆ ಗಾಳಿ ತಣ್ಣಗಾಗುತ್ತದೆ. ಆಕಾಶ ತಿಳಿಯಾಗಿರುತ್ತದೆ. ಸುತ್ತಲಿನ ಗುಡ್ಡಗಳು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಮನೆಮಂದಿ ಸೇರಿ ಹೊರಗೆ ಕೂರಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ.

ನಮ್ಮ ಮಕ್ಕಳು ಮಾತ್ರ ‘ಮುಂದಿನ ವಾರ ನೋಡೋಣ’ ಅನ್ನುತ್ತಲೇ ಈ ದಿನಗಳನ್ನು ಕಳೆದುಬಿಡುತ್ತಾರೆ. ಎಲ್ಲದಕ್ಕೂ ರಜೆ ಹೊಂದಿಸಬೇಕು, ರೂಮ್ ಬುಕ್ ಮಾಡಬೇಕು. ಅಷ್ಟೆಲ್ಲ ಬೇಕಾಗಿಲ್ಲ. ಮನೆಯನ್ನು ಸ್ವಲ್ಪ ಸಜ್ಜಾಗಿಟ್ಟುಕೊಂಡರೆ ಸಾಕು. ಶನಿವಾರ ಸಂಜೆ ಯಾರಾದರೂ ‘ಬೆಂಕಿ ಹಾಕೋಣ್ವಾ’ ಅಂದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಸುತ್ತ ಕೂತಿರಬೇಕು. ಭಾನುವಾರ ಬೆಳಿಗ್ಗೆ ‘ಎಲ್ಲಾದರೂ ಹೋಗೋಣ’ ಅಂದರೆ ಚಹಾ ಕುಡಿದು ಹೊರಟುಬಿಡಬೇಕು. ಇದಕ್ಕೆ ಬೇಕಾದ ತಯಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಕೆಲಸ ಬಿಸಿಲಿನದು. ನಾಲ್ಕು ತಿಂಗಳ ಮಳೆಗೆ ಕಪಾಟಿನಲ್ಲಿದ್ದ ಬಟ್ಟೆಗೆಲ್ಲ ಮುಗ್ಗಲು ವಾಸನೆ ಹಿಡಿದಿರುತ್ತದೆ. ಕೌದಿ, ಚಾಪೆ, ಶಾಲು ಎಲ್ಲವನ್ನೂ ಹೊರತೆಗೆದು ಎರಡು ದಿನ ಖಡಕ್ ಬಿಸಿಲಿಗೆ ಹಾಕಿ. ಮಧ್ಯಾಹ್ನ ಒಮ್ಮೆ ಮಗುಚಿ. ಬಿಸಿಲಿನಿಂದ ತಂದ ಕೂಡಲೇ ಮಡಚಿ ಪೆಟ್ಟಿಗೆಗೆ ತುರುಕಬೇಡಿ, ಬಿಸಿ ಆರಲಿ. ಇಲ್ಲದಿದ್ದರೆ ಒಳಗೇ ಬೆವರಿ ಮತ್ತೆ ಅದೇ ವಾಸನೆ. ಎರಡು ಹಳೆಯ ಹತ್ತಿಯ ಕೌದಿಗಳನ್ನು ಹೊರಗೆ ಕೂರಲು ಅಂತಲೇ ಬೇರೆ ಇಡಿ. ಬೆಂಕಿ ಹತ್ತಿರ ಕೂರುವವರಿಗೆ ನೈಲಾನ್, ಪಾಲಿಯೆಸ್ಟರ್ ಹೊದಿಕೆ ಬೇಡವೇ ಬೇಡ. ಒಂದು ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹೆಣ್ಣುಮಕ್ಕಳ ದುಪಟ್ಟಾ, ಸೆರಗು ಕಟ್ಟಿಕೊಂಡಿರಲಿ.

ಈಗ ಬೆಂಕಿಯ ವಿಷಯ. ಹಿತ್ತಲಿದೆ ಅಂತ ಉದುರಿದ ಎಲೆ ಗುಡಿಸಿ ಸುಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಎಲೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ, ಪಕ್ಕದ ಮನೆಯ ಉಬ್ಬಸದವರಿಗೆ ರಾತ್ರಿಯೆಲ್ಲ ಕೆಮ್ಮು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ದೇಶಕ್ಕೆಲ್ಲ ನಿಷೇಧಿಸಿದೆ. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ರಾಶಿ ಸುಟ್ಟರೆ 25,000 ರೂಪಾಯಿ ದಂಡ. ಎಲೆಯನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಆಗಾಗ ನೀರು, ಸ್ವಲ್ಪ ಮಣ್ಣು, ಹುಳಿ ಮಜ್ಜಿಗೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಗಿಡಗಳಿಗೆ ಗೊಬ್ಬರ ಸಿಗುತ್ತದೆ.

ನಾನು ಹೇಳುವ ಬೆಂಕಿ ಚಿಕ್ಕದು. ಮನೆ ಕಟ್ಟುವವರು ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿ ಇರುತ್ತದಲ್ಲ, ಅದು ಸಾಕು. ಇಲ್ಲವೇ ಶೇಗಡಿ, ಅಂದರೆ ಇದ್ದಿಲಿನ ಒಲೆ. ಬಾಂಡ್ಲಿಯಾದರೆ ತಳಕ್ಕೆ ಎರಡು ಬೆರಳು ಮರಳು ಹಾಕಿ, ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ. ಟೆರೇಸಿನ ಮೇಲೆ ನೇರವಾಗಿ ಬೆಂಕಿ ಹಾಕಿದರೆ ಟೈಲ್ಸ್ ಸಿಡಿಯುತ್ತವೆ, ಕೆಳಗಿನ ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ. ಆಮೇಲೆ ಮಳೆಗಾಲದಲ್ಲಿ ಕೆಳಗಿನ ಮನೆಯವರ ಛಾವಣಿ ಸೋರುತ್ತದೆ. ಸೊಸೈಟಿಯಲ್ಲಿ ಇರುವವರು ಸೆಕ್ರೆಟರಿಯವರಿಗೆ ಮೊದಲೇ ಒಂದು ಮಾತು ಹೇಳಿ. ಅವರನ್ನೂ ಕರೆದರೆ ಇನ್ನೂ ಒಳ್ಳೆಯದು.

ಉರುವಲಿಗೆ ಒಣಗಿದ ಜಾಲಿ ಕಟ್ಟಿಗೆ ಚೆನ್ನಾಗಿ ಕೆಂಡ ಕೊಡುತ್ತದೆ, ಹೊಗೆ ಕಮ್ಮಿ. ಹೊತ್ತಿಸಲು ತೆಂಗಿನ ಕರಟ, ನಾರು. ವರ್ಷವಿಡೀ ಕರಟವನ್ನು ಎಸೆಯದೆ ಒಂದು ಚೀಲಕ್ಕೆ ಹಾಕುತ್ತಾ ಬಂದರೆ ಈ ಹೊತ್ತಿಗೆ ಬೇಕಾದಷ್ಟು ಕೂಡಿರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಲೇಬೇಡಿ. ಹಳೆಯ ಬಾಗಿಲು, ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್ ಚೂರು ಸುಟ್ಟರೆ ಬರುವ ಹೊಗೆ ಕೆಟ್ಟದ್ದು. ಕಣಗಿಲೆ ಗಿಡದ ಕಡ್ಡಿಯಂತೂ ವಿಷ, ಅದರ ಹೊಗೆಯೂ ವಿಷ. ಪುಣೆಯ ಬಂಗಲೆಗಳ ಬೇಲಿಯಲ್ಲಿ ಕಣಗಿಲೆ ತುಂಬಾ ಇರುತ್ತದೆ, ಮಕ್ಕಳು ಕಡ್ಡಿ ಆರಿಸಿ ತರುವಾಗ ನೋಡಿಕೊಳ್ಳಿ.

ಬೆಂಕಿ ಮಾಡಲು ಒಳ್ಳೆಯ ರಾತ್ರಿ ಸೀಗೆ ಹುಣ್ಣಿಮೆ. ನಮ್ಮ ವಿಜಯಪುರದ ಕಡೆ ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಎಡೆ ಅಂತ ಅಡುಗೆಯನ್ನು ಹೊಲದಲ್ಲಿ ಚೆಲ್ಲುತ್ತಾರೆ. ಇಲ್ಲಿ ಅದೇ ಹುಣ್ಣಿಮೆಗೆ ಕೋಜಾಗಿರಿ. ಬಿಲ್ಡಿಂಗಿನವರೆಲ್ಲ ಟೆರೇಸಿನಲ್ಲಿ ಕೂತು ಬೆಳದಿಂಗಳಲ್ಲಿ ಮಸಾಲೆ ಹಾಲು ಕುಡಿಯುತ್ತಾರೆ. ನಾವು ಎರಡನ್ನೂ ಬಿಟ್ಟಿಲ್ಲ. ಮಧ್ಯಾಹ್ನ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಯಾವುದಾದರೂ ಮರದಡಿ ಊಟ, ರಾತ್ರಿ ಹಾಲು. ಎರಡು ಲೀಟರ್ ಗಟ್ಟಿ ಹಾಲು ಮುಕ್ಕಾಲಾಗುವ ತನಕ ಸಣ್ಣ ಉರಿಯಲ್ಲಿ ಕಾಯಲಿ. ಬಾದಾಮಿ, ಪಿಸ್ತಾ, ಏಲಕ್ಕಿ ತರಿತರಿ ಕುಟ್ಟಿ ಹಾಕಿ, ಕೇಸರಿ ನಾಲ್ಕು ಎಳೆ. ಜಾಯಿಕಾಯಿ ಒಂದು ಚಿಟಿಕೆ ಮಾತ್ರ, ಜಾಸ್ತಿಯಾದರೆ ಕಹಿ. ಸಕ್ಕರೆ ಕೊನೆಗೆ. ಪಾತ್ರೆಯನ್ನು ಕಟ್ಟಿಗೆ ಬೆಂಕಿಯ ಮೇಲಿಡುವ ಮುಂಚೆ ಹೊರಮೈಗೆ ಒದ್ದೆ ಬೂದಿಯನ್ನೋ ಮಣ್ಣನ್ನೋ ತೆಳ್ಳಗೆ ಸವರಿ. ಮಸಿಯೆಲ್ಲ ಆ ಪದರಕ್ಕೆ ಹಿಡಿಯುತ್ತದೆ, ನೀರು ಹಾಕಿದರೆ ಜಾರಿ ಹೋಗುತ್ತದೆ. ಪಾತ್ರೆ ತಿಕ್ಕುವವರ ಕೈ ಉಳಿಯುತ್ತದೆ.

ಕೆಂಡದಲ್ಲಿ ಸುಡಲು ಈ ಕಾಲದಲ್ಲಿ ಹೊಸ ಹಸಿ ಶೇಂಗಾ ಬಂದಿರುತ್ತದೆ, ಗೆಣಸು ಬಂದಿರುತ್ತದೆ. ಉರಿಯುವ ಬೆಂಕಿಗೆ ಏನನ್ನೂ ಹಾಕಬೇಡಿ, ಹೊರಗೆ ಕರಿ, ಒಳಗೆ ಹಸಿ ಆಗುತ್ತದೆ. ಉರಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕೂರುವ ತನಕ ತಾಳ್ಮೆಯಿರಲಿ. ಸಿಪ್ಪೆ ಸಮೇತ ಶೇಂಗಾವನ್ನು ಕೆಂಡದ ಅಂಚಿನ ಬಿಸಿ ಬೂದಿಯಲ್ಲಿ ಹರಡಿ, ಕಡ್ಡಿಯಿಂದ ಹೊರಳಿಸುತ್ತಿರಿ. ಮೊದಲು ಸುಯ್ ಅಂತ ನೀರಿನ ಸದ್ದು ಬರುತ್ತದೆ. ಆ ಸದ್ದು ನಿಂತು, ಸಿಪ್ಪೆಯ ಮೇಲೆ ಅಲ್ಲಲ್ಲಿ ಕರಿ ಚುಕ್ಕೆ ಬಿದ್ದಾಗ ತೆಗೆದು ಗೋಣಿಚೀಲದಲ್ಲಿ ಐದು ನಿಮಿಷ ಸುತ್ತಿಡಿ. ತನ್ನದೇ ಹಬೆಯಲ್ಲಿ ಕಾಳು ಒಳಗಿನ ತನಕ ಮೆತ್ತಗಾಗುತ್ತದೆ. ಆಮೇಲೆ ಬೆಲ್ಲದ ಚೂರಿನ ಜೊತೆ ತಿನ್ನಿ. ಗೆಣಸು ದಪ್ಪದ್ದು ಬೇಡ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುವ ಉದ್ದನೆಯವು ಬೇಗ ಬೇಯುತ್ತವೆ. ಬದನೆಕಾಯಿ ಸುಡುವುದಾದರೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ ಆ ತೂತಿಗೆ ಬೆಳ್ಳುಳ್ಳಿ ಎಸಳು ಸಿಕ್ಕಿಸಿ. ಚುಚ್ಚದಿದ್ದರೆ ಒಡೆದು ಸಿಡಿಯುತ್ತದೆ. ಎಳೆ ಜೋಳದ ಸೀತನಿಗೆ ಇನ್ನೂ ಸ್ವಲ್ಪ ಕಾಯಬೇಕು. ಇಲ್ಲಿಯವರು ಹುರ್ಡಾ ಅನ್ನುತ್ತಾರೆ, ಅದು ಚಳಿಗಾಲದ ಸುಖ.

ಬೆಂಕಿ ಹೊತ್ತಿಸುವ ಮುಂಚೆಯೇ ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ನೆಲದ ಮೇಲೆ ಸುಣ್ಣದಿಂದಲೋ ರಂಗೋಲಿಯಿಂದಲೋ ಒಂದು ಗೆರೆ ಎಳೆದು ‘ಪುಟ್ಟಾ, ಇದರ ಒಳಗೆ ಬರಬಾರದು’ ಅಂತ ಹೇಳಿ. ಸುಮ್ನೆ ಗದರುವುದಕ್ಕಿಂತ ಗೆರೆಗೆ ಮಕ್ಕಳು ಹೆಚ್ಚು ಬೆಲೆ ಕೊಡುತ್ತಾರೆ. ಎಷ್ಟೇ ಹುಷಾರಾಗಿದ್ದರೂ ಕೈ ಸುಟ್ಟುಕೊಂಡರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಸಿನ, ಐಸ್ ಯಾವುದೂ ಬೇಡ. ದೊಡ್ಡ ಗಾಯವಾದರೆ ನೇರ ಡಾಕ್ಟರ ಹತ್ತಿರ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಚಳಿ ಅಂತ ಉಳಿದ ಕೆಂಡವನ್ನು ಮಲಗುವ ಕೋಣೆಯೊಳಗೆ ಎಂದಿಗೂ ತರಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಕೂಟ ಮುಗಿದ ಮೇಲೆ ಕೆಂಡದ ಮೇಲೆ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಬೂದಿಯ ಮೇಲೆ ಅಂಗೈ ಹಿಂಭಾಗ ಹಿಡಿದಾಗ ಬಿಸಿ ತಗಲಬಾರದು. ಆಮೇಲೇ ಒಳಗೆ ಹೋಗಿ.

ಇನ್ನು ದಿಢೀರ್ ಅಂತ ಹೊರಡುವ ಮಾತು. ಸಾತಾರಾ ಹತ್ತಿರದ ಕಾಸ್ ಪಠಾರದ ಹೂವು ನೋಡಬೇಕು ಅಂತ ಎಲ್ಲರಿಗೂ ಆಸೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ, ನೋಡಲೇಬೇಕು. ಆದರೆ ಹೂವಿನ ಕಾಲದಲ್ಲಿ ಒಳಗೆ ಬಿಡುವ ಜನರಿಗೆ ಮಿತಿಯಿದೆ, ಮೊದಲೇ ಆನ್‌ಲೈನ್ ಬುಕ್ ಮಾಡಬೇಕು, ಅಕ್ಟೋಬರ್ ಸಾಗುತ್ತಿದ್ದಂತೆ ಹೂವು ಮುಗಿದಿರುತ್ತದೆ. ಬೆಳಿಗ್ಗೆ ಎದ್ದು ಮನಸ್ಸಾಯಿತು ಅಂತ ಹೊರಡುವ ಜಾಗ ಅಲ್ಲ ಅದು. ಅಂಥ ದಿನಕ್ಕೆ ನನ್ನ ದಾರಿ ಹಡಪಸರ್, ದಿವೆ ಘಾಟ್, ಸಾಸವಡ, ಜೇಜುರಿ. ಹೋಗಿ ಸಂಜೆಗೆ ಮನೆ ಸೇರಬಹುದು.

ಅದಕ್ಕೆ ಒಂದು ಚೀಲ ಸದಾ ಸಿದ್ಧವಿರಲಿ. ಟಾರ್ಚ್, ಔಷಧಿ ಡಬ್ಬಿ, ಚಾಪೆ, ಹಳೆಯ ಟವೆಲ್, ಸ್ಟೀಲ್ ಲೋಟ, ಚಾಕು, ಕಸಕ್ಕೆ ಒಂದು ಚೀಲ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮನೆಯಲ್ಲಿ ಯಾವಾಗಲೂ ಇರುತ್ತದೆ ಅಲ್ವಾ. ದಾರಿಯಲ್ಲಿ ಮೊಸರು, ಸೌತೆಕಾಯಿ, ಈರುಳ್ಳಿ ಕೊಂಡರೆ ಊಟ ಆಯಿತು. ಮೊಸರನ್ನವಾದರೆ ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಕಾರಿನ ಟೈರ್ ಗಾಳಿ, ಬ್ರೇಕನ್ನು ಮಳೆಗಾಲ ಮುಗಿದ ಕೂಡಲೇ ಒಮ್ಮೆ ತೋರಿಸಿಬಿಡಿ. ಘಾಟಿಯಲ್ಲಿ ವಾಂತಿ ಬರುವ ಮಕ್ಕಳು ಹೊಟ್ಟೆ ತುಂಬಾ ತಿನ್ನಬಾರದು, ಮೊಬೈಲ್ ನೋಡಬಾರದು, ಹೊರಗೆ ದೂರ ನೋಡುತ್ತಿರಬೇಕು. ಬಾಯಲ್ಲಿ ಒಣಶುಂಠಿ ಚೂರು ಇರಲಿ.

ದಿವೆ ಘಾಟ್ ಏರುವಾಗ ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ. ಸಂತ ಜ್ಞಾನೇಶ್ವರರ ಪಲ್ಲಕ್ಕಿ ಪಂಢರಪುರಕ್ಕೆ ಹೋಗುವುದೂ ಇದೇ ಘಾಟಿನ ಮೇಲೆ. ಸಾಸವಡ ದಾಟುವಾಗ ಪುರಂದರ ಗಡವನ್ನು ಮಕ್ಕಳಿಗೆ ತೋರಿಸಿ. ಸಂಭಾಜಿ ಮಹಾರಾಜರು 1657ರಲ್ಲಿ ಹುಟ್ಟಿದ್ದು ಅಲ್ಲಿ. ನಮ್ಮ ಪುರಂದರದಾಸರ ಊರೂ ಇದೇ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಮಲೆನಾಡಿನ ಆರಗದ ಕಡೆಯವರು ಅನ್ನುವ ವಿದ್ವಾಂಸರೂ ಇದ್ದಾರೆ, ಆ ಚರ್ಚೆ ಇರಲಿ. ಮರಾಠಿ ಶಾಲೆಯಲ್ಲಿ ಓದುವ ಮೊಮ್ಮಕ್ಕಳು ಆ ಬೆಟ್ಟ ನೋಡುತ್ತಾ ಕಾರಿನಲ್ಲಿ ಒಂದು ದೇವರನಾಮ ಹೇಳಿದರೆ ನನಗೆ ಅಷ್ಟೇ ಸಾಕು. ಕೋಟೆ ಹತ್ತುವ ಮನಸ್ಸಿದ್ದರೆ ಬೇಗ ಹೋಗಿ, ಅದು ಸೇನೆಯ ಸುಪರ್ದಿಯಲ್ಲಿದೆ. ಗುರುತಿನ ಚೀಟಿ ಕೇಳುತ್ತಾರೆ.

ಜೇಜುರಿಯ ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ. ಅಲ್ಲಿ ‘ಯಳಕೋಟ ಯಳಕೋಟ ಜಯ ಮಲ್ಹಾರ’ ಅನ್ನುತ್ತಾರೆ, ನಮ್ಮಲ್ಲಿ ‘ಏಳುಕೋಟಿ’. ಭಂಡಾರ ಎರಚುವುದೂ ಒಂದೇ ರೀತಿ. ಮೆಟ್ಟಿಲು ಬಹಳ, ಮಂಡಿ ನೋವಿರುವವರು ಬಿಸಿಲೇರುವ ಮುಂಚೆ ನಿಧಾನವಾಗಿ ಹತ್ತಿ. ಬಿಳಿ ಬಟ್ಟೆ ಬೇಡ. ಭಂಡಾರ ಬಿದ್ದ ಬಟ್ಟೆಯನ್ನು ಒಣಗಿರುವಾಗಲೇ ಚೆನ್ನಾಗಿ ಕೊಡವಿ, ಆಮೇಲೆ ಬರೀ ತಣ್ಣೀರಿನಲ್ಲಿ ಜಾಲಿಸಿ. ಮೊದಲೇ ಸಾಬೂನು ಹಚ್ಚಿದರೆ ಅರಿಸಿನ ಕೆಂಪಾಗಿ ಕೂರುತ್ತದೆ. ಉಳಿದ ಹಳದಿಗೆ ಬಿಸಿಲೇ ಮದ್ದು. ಒದ್ದೆಯಾಗಿಯೇ ಬಿಸಿಲಿಗೆ ಹರಡಿದರೆ ಒಂದೆರಡು ದಿನದಲ್ಲಿ ತಾನಾಗಿ ಮಾಸುತ್ತದೆ.

ಹಿಂದಿರುಗುವಾಗ ಸಾಸವಡದ ಸುತ್ತ ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿಗಳು. ಪುರಂದರ ತಾಲ್ಲೂಕಿನ ಸೀತಾಫಲಕ್ಕೆ ಒಳ್ಳೆಯ ಹೆಸರು. ಅಲ್ಲಿಯ ಅಂಜೂರಕ್ಕಂತೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೇ ಇದೆ. ಹಣ್ಣಿನ ಕಣ್ಣುಗಳು ಅಗಲವಾಗಿ ಬಿಚ್ಚಿಕೊಂಡು, ನಡುವಿನ ಗೆರೆ ಕೆನೆಬಣ್ಣಕ್ಕೆ ತಿರುಗಿದ್ದರೆ ಅದು ಬಲಿತ ಕಾಯಿ, ಮನೆಯಲ್ಲಿ ಹಣ್ಣಾಗುತ್ತದೆ. ಕಣ್ಣು ಒತ್ತೊತ್ತಾಗಿದ್ದು ಹಸಿರೇ ಇದ್ದರೆ ಎಳಸು, ಎಷ್ಟು ದಿನ ಇಟ್ಟರೂ ಕರ್ರಗಾಗಿ ಒಣಗುತ್ತದೆ. ಎರಡು ಇವತ್ತಿಗೆ, ಎರಡು ನಾಳೆಗೆ, ಉಳಿದದ್ದು ಗಟ್ಟಿ ಅಂತ ಆರಿಸಿಕೊಳ್ಳಿ. ಕತ್ತಲಾಗುವ ಮುಂಚೆ ಘಾಟ್ ಇಳಿಯಿರಿ, ಈ ದಿನಗಳಲ್ಲಿ ಆರು ಗಂಟೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ.

ಮನೆಗೆ ತಂದ ಗಟ್ಟಿ ಕಾಯಿಯನ್ನು ಫ್ರಿಜ್ಜಿಗೆ ಇಡಬೇಡಿ, ಹಣ್ಣಾಗದೆ ಕರ್ರಗಾಗುತ್ತದೆ. ಜೋಳದ ಡಬ್ಬಿಯಲ್ಲೋ ಅಕ್ಕಿಯಲ್ಲೋ ಹುಗಿದಿಡಿ, ದಿನಾ ಮುಟ್ಟಿ ನೋಡಿ. ಬಾಸುಂದಿ ಮಾಡುವುದಾದರೆ ಹಾಲು ಕಾಯಿಸಿ, ಪೂರ್ತಿ ಆರಿದ ಮೇಲೆ ತಿರುಳು ಬೆರೆಸಿ. ಒಲೆಯ ಮೇಲಿರುವಾಗ ಹಾಕಿದರೆ ಕಹಿಯಾಗುತ್ತದೆ. ತಿರುಳು ಬಿಡಿಸಲು ಮಿಕ್ಸಿ ಬೇಡ, ಬೀಜ ಒಡೆಯುತ್ತದೆ. ಅದು ಹೊಟ್ಟೆಗೆ ಒಳ್ಳೆಯದಲ್ಲ, ಅದರ ಪುಡಿ ಕಣ್ಣಿಗೆ ಬಿದ್ದರೆ ಭಾರಿ ಉರಿ. ದೊಡ್ಡ ತೂತಿನ ಜರಡಿಯ ಮೇಲೆ ಹಾಕಿ ಕೈಯಿಂದ ಮೆಲ್ಲಗೆ ತಿರುವಿ, ಈ ಕೆಲಸಕ್ಕೆ ಮಕ್ಕಳನ್ನೇ ಕೂರಿಸಿಕೊಳ್ಳಿ.