ತಾರ್ಲೆ ಪುಡಿಯ ಬದಲು ಹುಳುವಿನ ಪುಡಿ: ಹೊಂಡದ ಮೀನಿಗೆ ಮನೆಯಲ್ಲೇ ಆಹಾರ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟು ಸಾಕುವವರ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಆಹಾರಕ್ಕೆ. ಆ ಆಹಾರದಲ್ಲಿ ಪ್ರೋಟೀನಿಗೆಂದು ಮೀನುಪುಡಿ ಹಾಕುತ್ತಾರೆ. ಒಂದು ಕೆಜಿ ಮೀನುಪುಡಿ ಆಗಬೇಕಾದರೆ ನಾಲ್ಕೈದು ಕೆಜಿ ಹಸಿಮೀನು ಬೇಕು. ನಮ್ಮ ಕರಾವಳಿಯಲ್ಲಿ ತಾರ್ಲೆಯೂ (ಭೂತಾಯಿ ಮೀನು) ಹೀಗೆ ಪುಡಿಯಾಗುತ್ತದೆ. ಕಾರವಾರ, ಕುಮಟಾದ ಬಡವರ ಮನೆಯ ಸಾರಿಗೆ ಬೀಳಬೇಕಾದ ಮೀನು ಸಾಕುಮೀನಿನ ಹೊಟ್ಟೆ ಸೇರುವುದು ನನಗಂತೂ ಸರಿ ಕಾಣುವುದಿಲ್ಲ. ಬೆರಳುದ್ದದ ಮರಿಗಳನ್ನೂ ಬಿಡದೆ ಪುಡಿ ಮಾಡಿದರೆ ಮುಂದಿನ ವರ್ಷ ಬಲೆಗೆ ಬೀಳುವುದಾದರೂ ಏನು? ಪೂರ್ತಿ ಅಲ್ಲದಿದ್ದರೂ ಒಂದಿಷ್ಟು ಪಾಲಿಗೆ ಬದಲಿ ನಮ್ಮ ಹಿತ್ತಲಿನ ಗೊಬ್ಬರಗುಂಡಿಯಲ್ಲೇ ಇದೆ.

ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು. ನೊಣ ಕಪ್ಪಗೆ, ನೀಳವಾಗಿ, ನೋಡಲು ಕಣಜದ ಹಾಗಿರುತ್ತದೆ. ಆದರೆ ಕುಟುಕುವುದಿಲ್ಲ, ಮನೆನೊಣದಂತೆ ಊಟದ ಮೇಲೆ ಬಂದು ಕೂರುವುದಿಲ್ಲ. ದೊಡ್ಡದಾದ ಮೇಲೆ ಅದು ಬದುಕುವುದು ಒಂದೆರಡು ವಾರ. ತಿನ್ನುವ ಕೆಲಸವನ್ನೆಲ್ಲ ಹುಳುವಾಗಿದ್ದಾಗಲೇ ಮುಗಿಸಿರುತ್ತದೆ. ಒಣಗಿಸಿದ ಹುಳುವಿನಲ್ಲಿ ಪ್ರೋಟೀನ್ ನೂರಕ್ಕೆ 40ರಷ್ಟು, ಕೊಬ್ಬು 30ರ ಆಸುಪಾಸು.

ಹುಳು ಸಾಕುವುದು

ಮರಿಹುಳು ಮಾರುವವರಿದ್ದಾರೆ. ಇಲ್ಲವಾದರೆ ನೊಣವನ್ನೇ ಕರೆಯಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹುಳಿಬಂದ ತೌಡು, ಕೊಳೆತ ಬಾಳೆಹಣ್ಣು ಹಾಕಿ, ಪಕ್ಕದಲ್ಲಿ ರಂಧ್ರ ಮಾಡಿ ನೆರಳಿನಲ್ಲಿಡಿ. ಒಳಗೆ, ಕಸಕ್ಕೆ ತಾಗದಂತೆ, ರಟ್ಟಿನ ಪೆಟ್ಟಿಗೆಯ ಅಲೆಅಲೆಯಾದ ತುಂಡು ತೂಗುಹಾಕಿ. ನೊಣ ಮೊಟ್ಟೆಯಿಡುವುದು ಕಸದ ಮೇಲಲ್ಲ, ಕಸದ ವಾಸನೆ ಬರುವ ಕಡೆಯ ಒಣ ಸಂದಿಯಲ್ಲಿ. ಒಂದು ಹೆಣ್ಣುನೊಣ ಸುಮಾರು 500 ಮೊಟ್ಟೆ ಇಡುತ್ತದೆ. ನಾಲ್ಕು ದಿನಕ್ಕೆ ಮರಿ ಒಡೆಯುತ್ತದೆ.

ಐದು ದಿನದ ಮರಿಗಳನ್ನು ಅಗಲದ ಟ್ರೇಗೆ ಹಾಕಿ. ಹತ್ತು ಸಾವಿರ ಮರಿಗೆ ಹನ್ನೆರಡು ದಿನದಲ್ಲಿ ಒಟ್ಟು 15 ಕೆಜಿ ಹಸಿಕಸ ಸಾಕು. ಒಂದೇ ಸಲ ಸುರಿಯಬೇಡಿ. ಐದು ಸೆಂಟಿಮೀಟರಿಗಿಂತ ದಪ್ಪ ಹರಡಿದರೆ ತಳ ಕೊಳೆತು ನಾರುತ್ತದೆ. ಕಸವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಇಳಿಯಬಾರದು. ಇಳಿದರೆ ಒಣ ತೌಡೋ ಪುಡಿ ಮಾಡಿದ ದರಕೋ (ಒಣಗಿದ ಎಲೆ) ಬೆರೆಸಿ. ಟ್ರೇ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದನ್ನು ಮಾತ್ರ ಮರೆಯಬೇಡಿ, ಇರುವೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೊತ್ತೊಯ್ಯುತ್ತದೆ. ಎಲ್ಲ ಸರಿಯಿದ್ದರೆ ಹತ್ತನೇ ದಿನ ಟ್ರೇಗೆ ಕಿವಿಗೊಟ್ಟು ಕೇಳಿ: ದರಕಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಸಾವಿರಾರು ಬಾಯಿಗಳು ಒಟ್ಟಿಗೆ ತಿನ್ನುವ ಸದ್ದು ಅದು. ಶಿರಸಿ ಕಡೆಯ ಡಿಸೆಂಬರ್ ಚಳಿಯಲ್ಲಿ ಇದೇ ಕೆಲಸ ನಿಧಾನವಾಗುತ್ತದೆ.

ಏನು ತಿನ್ನಿಸುತ್ತೀರಿ ಎಂಬುದರಲ್ಲಿ ರಾಜಿ ಬೇಡ. ಹಲಸಿನ ಸಿಪ್ಪೆ, ಪಪ್ಪಾಯಿ, ಸಂತೆಯಲ್ಲಿ ಉಳಿದ ತರಕಾರಿ, ಕಾಯಿಹಿಂಡಿ ಆಗುತ್ತದೆ. ಸಗಣಿಯನ್ನೂ ಈ ಹುಳು ತಿನ್ನುತ್ತದೆ, ಆದರೆ ಮೀನಿನ ಆಹಾರಕ್ಕೆ ಬೆಳೆಸುವ ಹುಳುವಿಗೆ ಕೊಡಬೇಡಿ. ಯುರೋಪಿನ ಒಕ್ಕೂಟ 2017ರ ಜುಲೈನಿಂದ ಏಳು ಜಾತಿಯ ಕೀಟಗಳ ಪುಡಿಯನ್ನು ಸಾಕುಮೀನಿಗೆ ಹಾಕಲು ಒಪ್ಪಿತು, ಇದೂ ಅದರಲ್ಲೊಂದು. ಅಲ್ಲೂ ಸಗಣಿ, ಹೋಟೆಲಿನ ಮುಸುರೆ, ಮಾಂಸ ತಿನ್ನಿಸುವಂತಿಲ್ಲ. ಪೇಟೆಯ ಕಸದ ರಾಶಿಯಿಂದಲೂ ತರಬೇಡಿ. ಕ್ಯಾಡ್ಮಿಯಂನಂಥ ವಿಷಲೋಹ ಹುಳುವಿನ ಮೈಯಲ್ಲಿ ಉಳಿದು ಮೀನಿಗೆ ದಾಟುತ್ತದೆ.

ಒಣಗಿಸುವುದೇ ಕಷ್ಟ

ಹುಳು ಕೆನೆಬಣ್ಣದಲ್ಲಿರುವಾಗಲೇ ಜರಡಿ ಹಿಡಿದು ಬೇರ್ಪಡಿಸಿ. ಕಪ್ಪಾದರೆ ಚರ್ಮ ದಪ್ಪವಾಗಿ ಮೀನಿಗೆ ಜೀರ್ಣವಾಗುವುದು ಕಡಿಮೆ. ಕಪ್ಪಾದವನ್ನು ಮುಂದಿನ ಸಂತತಿಗೆ ಬಿಡಿ. ನೊಣವಾದ ಮೇಲೆ ಕೂಡುವುದಕ್ಕೆ ಅವಕ್ಕೆ ಬಿಸಿಲು ಬೇಕು, ಹಾಗಾಗಿ ಸೊಳ್ಳೆಪರದೆಯ ಗೂಡನ್ನು ಬೆಳಕಿರುವಲ್ಲಿ ಕಟ್ಟಿ. ತೆಗೆದ ಹುಳುಗಳನ್ನು ಒಂದು ದಿನ ಒಣ ತೌಡಿನಲ್ಲಿ ಬಿಟ್ಟರೆ ಹೊಟ್ಟೆ ಖಾಲಿಯಾಗುತ್ತದೆ. ಆಮೇಲೆ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ.

ಮೊದಲ ವರ್ಷ ನಾನು ಎಡವಿದ್ದು ಇಲ್ಲಿಯೇ. ಜುಲೈ ತಿಂಗಳು, ಕುಮಟಾದ ಮಳೆ. ನಡುನಡುವೆ ಇಣುಕಿದ ಬಿಸಿಲನ್ನು ನಂಬಿ ಎರಡು ದಿನ ಒಣಗಿಸಿ, ಬೀಸಿ, ತಗಡಿನ ಡಬ್ಬಕ್ಕೆ ತುಂಬಿದೆ. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ಕಮಟು ವಾಸನೆ, ಮೇಲೆಲ್ಲ ಹಸಿರು ಬೂಸ್ಟು. ಆರು ಕೆಜಿ ಹುಳು ಗುಂಡಿ ಸೇರಿತು. ಬೂಸ್ಟು ಹಿಡಿದ ಪುಡಿಯನ್ನು ತೊಳೆದೋ ಹುರಿದೋ ಮೀನಿಗೆ ಹಾಕುವ ಆಸೆ ಯಾರಿಗೂ ಬೇಡ, ಅದರ ವಿಷ ಬೆಂಕಿಗೂ ಹೋಗುವುದಿಲ್ಲ. ಈಗ ಅಡಿಕೆ ಒಣಗಿಸುವ ಡ್ರೈಯರಿನಲ್ಲೇ ಒಣಗಿಸುತ್ತೇನೆ. ಬೆರಳಲ್ಲಿ ಒತ್ತಿದರೆ ಚಟಕ್ಕನೆ ಮುರಿಯಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಮೂರು ಕೆಜಿ ಹಸಿಹುಳುವಿಗೆ ಒಂದು ಕೆಜಿ ಒಣಹುಳು ಸಿಗುತ್ತದೆ. ಬರೀ ಹುಳುವನ್ನೇ ಮಿಕ್ಸಿಗೆ ಹಾಕಿದರೆ ಕೊಬ್ಬು ಬಿಟ್ಟು ಮುದ್ದೆ ಕಟ್ಟುತ್ತದೆ. ತೌಡು ಸೇರಿಸಿ ಬೀಸಿ.

ಹಿಟ್ಟಿನ ಲೆಕ್ಕ

ಹುಳುವಿನ ಪ್ರೋಟೀನ್ 40 ಎಂಬುದು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಬಂದ ಸಂಖ್ಯೆ. ಹುಳುವಿನ ಚರ್ಮದಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಪ್ರೋಟೀನ್ ಅಲ್ಲದಿದ್ದರೂ ಅದರಲ್ಲೂ ಸಾರಜನಕ ಇರುವುದರಿಂದ ಈ ಲೆಕ್ಕ ಉಬ್ಬುತ್ತದೆ. 4.76ರಿಂದ ಗುಣಿಸಿದರೆ ಸತ್ಯಕ್ಕೆ ಹತ್ತಿರ. ಆದ್ದರಿಂದ ನಾನು 30 ಎಂದೇ ಹಿಡಿಯುತ್ತೇನೆ. ಹತ್ತು ಕೆಜಿ ಆಹಾರಕ್ಕೆ ಹುಳುಪುಡಿ 2 ಕೆಜಿ, ಶೇಂಗಾ ಹಿಂಡಿ 4 ಕೆಜಿ, ತೌಡು 3.4 ಕೆಜಿ, ಅಂಟಿಗೆ ಮೈದಾ ಅರ್ಧ ಕೆಜಿ, ಖನಿಜ ಮಿಶ್ರಣ 100 ಗ್ರಾಂ. ಪ್ರೋಟೀನ್ ನೂರಕ್ಕೆ 27ರ ಹತ್ತಿರ ಬರುತ್ತದೆ, ಕಾಟ್ಲಾ, ರೋಹುಗೆ ಇಷ್ಟು ಸಾಕು. ಹಿಂಡಿ, ತೌಡು, ಮೈದಾವನ್ನು ನೀರು ಹಾಕಿ ಅರ್ಧ ಗಂಟೆ ಬೇಯಿಸಿ, ಆರಿದ ಮೇಲೆ ಉಳಿದದ್ದನ್ನು ಕಲಸಿ, ಚಕ್ಕುಲಿ ಒರಳಿನಲ್ಲಿ ಒತ್ತಿ ಒಣಗಿಸಿ, ಕೈಯಲ್ಲೇ ಮುರಿಯಿರಿ.

ಮೀನುಪುಡಿ ಹಾಕಿ ರೂಢಿಯಿದ್ದವರು ಮೊದಲ ತಿಂಗಳು ಅದರ ಕಾಲು ಭಾಗ ಮಾತ್ರ ತೆಗೆದು ಹುಳುಪುಡಿ ಸೇರಿಸಿ ನೋಡಲಿ. ಅಘನಾಶಿನಿಯ ಅಳಿವೆಯಲ್ಲೋ ಕಾಳಿ ನದಿಯಲ್ಲೋ ಪಂಜರದಲ್ಲಿ ಸೀಬಾಸ್ ಮೀನು ಸಾಕುವವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅದು ಮಾಂಸಾಹಾರಿ, ಪ್ರೋಟೀನ್ ತುಂಬ ಹೆಚ್ಚು ಬೇಕು. ಸಮುದ್ರದ ಮೀನಿನೆಣ್ಣೆಯಲ್ಲಿರುವ ಒಮೆಗಾ-3 ಹುಳುವಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಿಮ್ಮ ಕಸ ಎಷ್ಟು ಮೀನಿಗೆ ಸಾಕು ಎಂದೂ ಮೊದಲೇ ನೋಡಿಕೊಳ್ಳಿ. ನೂರು ಗ್ರಾಂ ತೂಗುವ ಸಾವಿರ ಮೀನಿಗೆ ದಿನಕ್ಕೆ ಎರಡು ಕೆಜಿ ಆಹಾರ ಬೇಕು. ಅದರಲ್ಲಿ ಹುಳುಪುಡಿ 400 ಗ್ರಾಂ, ಅದಕ್ಕೆ ಹಸಿಹುಳು 1.2 ಕೆಜಿ. 15 ಕೆಜಿ ಕಸಕ್ಕೆ ಸುಮಾರು ಎರಡು ಕೆಜಿ ಹುಳು ಬರುವುದರಿಂದ ದಿನಕ್ಕೆ ಒಂಬತ್ತು ಕೆಜಿ ಕಸ ಬೇಕಾಗುತ್ತದೆ. ಒಂದು ಮನೆಯ ಅಡುಗೆಕಸದಲ್ಲಿ ಇದು ಆಗದು. ತರಕಾರಿ ಅಂಗಡಿಯವರ ಜೊತೆ ಮಾತಾಡಿಕೊಂಡೇ ಶುರುಮಾಡಿ. ಟ್ರೇಯಲ್ಲಿ ಉಳಿಯುವ ಕಪ್ಪು ಹುಡಿ ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ.

ಆಹಾರವನ್ನು ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ, ನೀರೊಳಗೆ ಇಳಿಬಿಟ್ಟ ತಟ್ಟೆಯಲ್ಲಿ ಹಾಕಿ. ಒಂದು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಮಾರನೆಯ ದಿನ ಅಷ್ಟು ಕಡಿಮೆ ಮಾಡಿ.