ಕಡಿಮೆ ಖರ್ಚಿನಲ್ಲಿ ಧ್ರುವಪ್ರಭೆ: ಮಲೆನಾಡಿನವರಿಗೆ

ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿ ಬರೀ ಮೋಡ ನೋಡಿ ಬಂದವರಿಗೆ ಗೊತ್ತು, ಒಂದೇ ಸಂಜೆ ನಂಬಿ ಹೋಗಬಾರದು. ಧ್ರುವಪ್ರಭೆ, ಅಂದರೆ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು (ಅರೋರಾ), ನೋಡಲು ನಾರ್ವೆಯ ಟ್ರೊಮ್ಸೊ ಊರಿಗೆ ಹೋದರೂ ಅಷ್ಟೇ: ಸೆಪ್ಟೆಂಬರ್ ಕೊನೆಗೋ ಮಾರ್ಚಿಗೋ ಹೋಗಿ, ಐದು ರಾತ್ರಿಯಾದರೂ ಉಳಿಯಿರಿ. ದುಬಾರಿ ಟೂರ್ ಬೇಡ. ಪ್ರೆಸ್ಟ್‌ವಾನೆಟ್ ಕೆರೆ ದಂಡೆಗೆ ಊರಿಂದ ನಡೆದೇ ಹೋಗಬಹುದು. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ ಮಾತ್ರ ಬೇಡ, ನಮ್ಮ ಕಡೆಯ ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲ.

ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬನಿಯನ್ ಬೆವರಿಗೆ ಒದ್ದೆಯಾದರೆ ಮೇಲೆ ಎಂಥ ಜರ್ಕಿನ್ ಇದ್ದರೂ ನಡುಕ ನಿಲ್ಲದು. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಧ್ರುವಪ್ರಭೆ ಬರಿಗಣ್ಣಿಗೆ ಮೊದಲು ಬೂದು ಮೋಡದ ಪಟ್ಟಿಯಂತೆ ಕಂಡೀತು. ಮೊಬೈಲನ್ನು ಟ್ರೈಪಾಡ್ ಮೇಲಿಟ್ಟು, ಶಟರ್ 5 ಸೆಕೆಂಡ್ ತೆರೆದಿರುವಂತೆ ಫೋಟೋ ತೆಗೆಯಿರಿ. ಹಸಿರು ಬಂದರೆ ಅದೇ.